ರೀಲು ಹೊತ್ತವನ ಮಾತು

ಹುಡುಗ ಹೋಟೆಲಿನ ಬಿಲ್ಲು ತಿರುವಿ
ಅದರ ಬೆನ್ನ ಮೇಲೆ ಮೂರು ಮನೆ ಗೀಚಿದ.
ಒಂದು ಗಿಡ್ಡ, ಒಂದು ಉದ್ದ, ಮತ್ತೊಂದು ಗಿಡ್ಡ,
ಕುಂಟೆಬಿಲ್ಲೆಗೆ ಬರೆದಂಗೆ.
ಕತೆ ಅಂದ್ರೆ ಇಷ್ಟೇ ಸಾರ್, ಅಂದ.
ಇಲ್ಲಿ ಗಂಟು ಹಾಕ್ಬೇಕು, ಇಲ್ಲಿ ಬಿಗೀಬೇಕು,
ಇಲ್ಲಿ ಬಿಚ್ಚಬೇಕು.
ಸಿನಿಮಾ ಬರೀತಾನಂತೆ. ಟೆಂಟಿನ ಕಾಲದೋರು ಬೇಕಂತೆ.
ಚಿಂತಾಮಣಿ ಬಸ್‌ಸ್ಟ್ಯಾಂಡಲ್ಲಿ ಯಾರೋ ಹೇಳವ್ರೆ,
ರೀಲು ಪಿಳ್ಳಪ್ಪ ಇನ್ನೂ ಅವ್ನೆ, ಹೋಗಿ ಕೇಳು ಅಂತ.

ನೋಡಪ್ಪ, ನಾನು ಕತೆ ನೋಡ್ದೋನಲ್ಲ, ಹೊತ್ತೋನು.
ಇಲ್ಲಿನ ಟಾಕೀಸಿಗೂ ಕೈವಾರದ ಟೆಂಟಿಗೂ ಒಂದೇ ಪ್ರಿಂಟು.
ಇಲ್ಲಿ ನಾಲ್ಕು ರೀಲು ಓಡಿದ ಕೂಡಲೆ
ಹಳೇ ಟ್ಯೂಬಲ್ಲಿ ಕ್ಯಾರಿಯರಿಗೆ ಬಿಗಿದು
ನಾನು ಪೆಡಲು ತುಳೀಬೇಕು.
ನನ್ನ ಹಿಂದೆ ಐದರಿಂದ ಎಂಟು, ದಸ್ತಗೀರ್ ಸಾಬ್ರು.
ಆಮೇಲೆ ಒಂಬತ್ತರಿಂದ ಹನ್ನೆರಡು ಮತ್ತೆ ನಾನು.
ಕೊನೇ ಎರಡು ಅವರ ಪಾಲು.

ಖಾಲಿ ಸೈಕಲಲ್ಲಿ ನಾನು ವಾಪಸ್ ಬರ್ತಿದ್ರೆ
ಹುಣಸೇಮರದ ಹತ್ರ ಎದುರಿಗೆ ಅವರ ಡೈನಮೋ ಬೆಳಕು.
ನಿಲ್ಲೋಕೆ ಹೊತ್ತಿಲ್ಲ. ಕೂಗೋದು ಅಷ್ಟೆ.
"ಸಾಬ್ರೆ, ಅವ್ಳು ಸಿಕ್ಕಿದ್ಲಾ?"
"ನಂಗೇನ್ ಗೊತ್ತೋ! ನನ್ ಡಬ್ಬೀಲಿ ಬರೀ ಮಳೆ!"
ಬಾಕ್ಸಿನ ಕಿಂಡೀಲಿ ನಾನು ನೋಡ್ತಿದ್ದಿದ್ದು
ಪರದೆಯ ಬಲಗಡೆ ಮೇಲ್ಮೂಲೆ ಒಂದೇ.
ಅಲ್ಲೊಂದು ಬಿಳೀ ಚುಕ್ಕಿ ಕಣ್ಣು ಹೊಡೀತದೆ, ರೀಲು ಮುಗೀತು ಅಂತ.
ನಾಯಕಿ ಅಳ್ತಿರ್ಲಿ, ಬೆಂಕಿ ಬಿದ್ದಿರ್ಲಿ,
ನನಗೆ ಆ ಚುಕ್ಕಿ.
ಆಟ ಮುಗಿದ್ಮೇಲೆ ಇಬ್ಬರಿಗೂ ಒಂದು ಬೈಟೂ ಟೀ.
ಲೋಟದಿಂದ ಲೋಟಕ್ಕೆ ಹಂಚಿಕೊಳ್ತಾ
ತುಂಡು ತುಂಡು ಜೋಡಿಸ್ತಿದ್ವಿ.
ಎಷ್ಟೋ ಸಲ ಜೋಡೀನೇ ಆಗ್ತಿರ್ಲಿಲ್ಲ.

ಒಂದು ರಾತ್ರಿ ಅಂಬಾಜಿದುರ್ಗದ ಇಳಿಜಾರಲ್ಲಿ ಟ್ಯೂಬು ಕಿತ್ತು
ಒಂಬತ್ತನೇ ಡಬ್ಬಿ ಉರುಳ್ತು.
ಹಿಪ್ಪುನೇರಳೆ ತೋಟ, ಕತ್ತಲು, ಎಲ್ಲಿ ಅಂತ ಹುಡುಕ್ಲಿ?
ಟೆಂಟಲ್ಲಿ ಆಗ್ಲೇ ಶಿಳ್ಳೆ, ಬೆಂಚು ಕುಟ್ಟೋದು.
ಎಂಟಾದ್ಮೇಲೆ ಹತ್ತು ಹಾಕಿದ್ರು.

ಒಂಬತ್ತರಲ್ಲಿ ದೊಡ್ಡ ಮಗ ಬಾವಿ ತೋಡೋವಾಗ
ಮದ್ದು ಸಿಡಿದು ಸಾಯ್ತಾನೆ. ಪಟ್ಟಣದಲ್ಲಿ ಕಂಡೋರು ಹೇಳಿದ್ದು.
ಟೆಂಟಿನ ಜನ ಅದನ್ನ ಕಾಣ್ಲಿಲ್ಲ.
ಅವರು ಕಂಡಿದ್ದು, ತಾಯಿ ಊಟಕ್ಕೆ ಎಲೆ ಹಾಕ್ತಾಳೆ.
ಇಲ್ಲೀತನಕ ಮೂರು ಹಾಕ್ತಿದ್ಲು.
ಈಗ ಎರಡು.

ಶಿಳ್ಳೆ ನಿಂತೋಯ್ತು.
ಕಡ್ಲೇಕಾಯಿ ಸುಲಿಯೋ ಸದ್ದೂ ನಿಂತೋಯ್ತು.
ದುಡ್ಡು ವಾಪಸ್ ಕೊಡಿ ಅಂತ ಒಬ್ಬನೂ ಕೇಳ್ಲಿಲ್ಲ.

ಮಾರನೇ ದಿನ ಡಬ್ಬಿ ಸಿಕ್ತು, ಮೈಯೆಲ್ಲ ಮಣ್ಣು.
ಸರಿಯಾಗೇ ತೋರಿಸಿದ್ರು, ಮದ್ದು, ಹೊಗೆ, ರಕ್ತ, ಪಿಟೀಲು,
ಹೆಂಗಸರು ಸೆರಗಲ್ಲಿ ಮೂಗೊರೆಸಿಕೊಂಡ್ರು.
ಗಂಗುಲಮ್ಮ ಮಾತ್ರ ಎದ್ದು ಆಚೆ ಬಂದ್ಲು,
ಮುತ್ತುಗದೆಲೆ ಹಚ್ಚಿ ಮಾರೋಳು, ಎರಡನೇ ದಿನವೂ ಬಂದಿದ್ಲು.
ಯಾಕವ್ವ ಅಂದೆ.
"ನಿನ್ನೆ ಅವ್ನು ಇದ್ದ.
ಎಲೆ ಕಮ್ಮಿ ಆದ್ರೆ ಸತ್ತೇ ಇರ್ಬೇಕಾ?
ಊರಿಗೆ ಹೋಗಿರ್ಬೋದು."
ಹತ್ತನೇ ರೀಲಿಗೆ ಸರಿಯಾಗಿ ಒಳಗೋದ್ಲು.

ಹುಡುಗ ಬರ್ಕೊಂಡ. ಏನು ಬರ್ಕೊಂಡ್ನೋ.
ಎರಡನೇ ಮನೆಗೂ ಮೂರನೇ ಮನೆಗೂ ನಡುವೆ
ಪೆನ್ನು ತಡವರಿಸ್ತಿತ್ತು.
ಆ ಜಾಗದಲ್ಲಿ ನನಗೆ ಕಾಣೋದು ರಸ್ತೆ ಕಣಪ್ಪ,
ಏಳು ಮೈಲಿ, ಅರ್ಧ ಟಾರು, ಅರ್ಧ ಜಲ್ಲಿ.

"ಮತ್ತೆ ಕ್ಲೈಮ್ಯಾಕ್ಸು ಸಾರ್? ಕೊನೇಲಿ ಏನಾಯ್ತು?"
ಕೊನೇ ರೀಲು ನನ್ನ ಕೈಗೆ ಬಂದಿದ್ದೇ ಇಲ್ಲ ಅಂದೆ.
ದಸ್ತಗೀರ್ ಸಾಬ್ರನ್ನ ಕೇಳ್ಬೇಕು.

ಸಪ್ಲೈಯರು ಬಂದು ನಿಂತ. ಹುಡುಗ ಬೈಟೂ ಅಂದ.
ಬೇಡ, ಎರಡು ಫುಲ್ ತಾರಪ್ಪ ಅಂದೆ.
ನಾಲ್ಕು ವರ್ಷ ಆಯ್ತು, ಬೈಟೂ ಬಿಟ್ಟು.

"ಸಾಬ್ರು ಎಲ್ಲಿ ಸಿಗ್ತಾರೆ ಸಾರ್?"

ಊರಿಗೆ ಹೋಗವ್ರೆ,
ಅಂದೆ.